ಕುಮಾರಪರ್ವತದ ಆಚೆ ಹಿಮದ ಹಾದಿ

ಸುಬ್ರಹ್ಮಣ್ಯ: ಮಾಗಿಯ ಬೆಳಗಿನಲ್ಲಿ 1,712 ಮೀಟರ್ ಎತ್ತರದ ಕುಮಾರಪರ್ವತದ ನೆತ್ತಿಯನ್ನು ಮಂಜು ಮುಸುಕುತ್ತದೆಯೇ ಹೊರತು ಅಲ್ಲಿ ಹಿಮ ಬೀಳುವುದಿಲ್ಲ. ಆದರೂ ಬೆಟ್ಟದ ಆಚೆಗಿನ ಕೊಡಗಿನ ತೆಕ್ಕಡ ಭವಾನಿ ನಂಜುಂಡ ಹಿಮದ ಮೇಲಿನ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಹೆಸರು ಮಾಡಿದ್ದಾರೆ. ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕೂಟಗಳಲ್ಲಿ ಚಿನ್ನ ಗೆದ್ದ ಅವರು, 2025ರ ಹಾರ್ಬಿನ್ ಏಷ್ಯನ್ ಚಳಿಗಾಲದ ಕ್ರೀಡಾಕೂಟದಲ್ಲಿ ಭಾರತವನ್ನು ಪ್ರತಿನಿಧಿಸಿದರು. ಅದೇ ವರ್ಷ ಚಿಲಿಯಲ್ಲಿ 5 ಕಿ.ಮೀ. ಸ್ಪರ್ಧೆಯ ಕಂಚು ಅವರದಾಯಿತು.

ಇಂಥ ಸಾಧನೆಯನ್ನು ವ್ಯಕ್ತಿಯ ಛಲಕ್ಕೆ ಒಪ್ಪಿಸಿ, ಶಾಲು ಹೊದಿಸಿ ಕೈತೊಳೆದುಕೊಳ್ಳುವುದು ನಮ್ಮಲ್ಲಿ ವಾಡಿಕೆ. ಛಲವೊಂದರಿಂದಲೇ ಕ್ರೀಡೆ ಬೇರೂರುವುದೇ? ಚಳಿಯ ದೇಶವಾದ ಫಿನ್ಲೆಂಡ್‌ನ ಅನುಭವ ಹಾಗೆ ಹೇಳುವುದಿಲ್ಲ.

ಅಲ್ಲಿನ ಸುಸಾನಾ ರಾಹ್ಕಾಮೊ ಹಾಗೂ ಪೆಟ್ರಿ ಕೊಕ್ಕೊ ಜೋಡಿಯ ಕ್ಷೇತ್ರ ಐಸ್ ಡ್ಯಾನ್ಸ್. ಜೊತೆಗಾತಿಯನ್ನು ತಲೆಯ ಮೇಲೆತ್ತುವ, ಗಾಳಿಯಲ್ಲಿ ಮೂರು ಸುತ್ತು ಜಿಗಿಯುವ ಸಾಹಸಗಳಿಗೆ ಇಲ್ಲಿ ಎಡೆಯಿಲ್ಲ; ಹೆಜ್ಜೆ, ತಾಳ ಮತ್ತು ಪಾದರಕ್ಷೆಯ ಅಲಗಿನ ಮೇಲಿನ ಹಿಡಿತವೇ ಸರ್ವಸ್ವ. 1992ರ ಒಲಿಂಪಿಕ್ಸ್‌ನಲ್ಲಿ ಆರನೆಯ ಸ್ಥಾನ, 1994ರಲ್ಲಿ ನಾಲ್ಕನೆಯದು. ಒಲಿಂಪಿಕ್ ಪದಕ ಕೈಗೆಟುಕಲಿಲ್ಲ. ಆದರೆ 1995ರಲ್ಲಿ ಯುರೋಪಿಯನ್ ಚಾಂಪಿಯನ್ ಪಟ್ಟವೂ ವಿಶ್ವ ಚಾಂಪಿಯನ್‌ಷಿಪ್‌ನ ಬೆಳ್ಳಿಯೂ ಒಲಿದವು. ಆಗ ಸುಸಾನಾ ಅವರಿಗೆ ಮೂವತ್ತು. ತರಬೇತುದಾರ ಮಾರ್ಟಿನ್ ಸ್ಕೊಟ್ನಿಕಿ ಅವರೊಡನೆ ಈ ಜೋಡಿ ಹೆಣೆದ ಚುರುಕಿನ ನಡೆ ಮುಂದೆ ‘ಫಿನ್‌ಸ್ಟೆಪ್’ ಎಂಬ ಅಧಿಕೃತ ಮಾದರಿಯಾಯಿತು. 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ಎಲ್ಲ ದೇಶಗಳ ಜೋಡಿಗಳೂ ಕಡ್ಡಾಯವಾಗಿ ಅದನ್ನು ಆಡಬೇಕಾಯಿತು. ಪದಕಕ್ಕಿಂತ ಇದೇ ದೊಡ್ಡದೆಂದು ಈ ವರದಿಗಾರನ ಎಣಿಕೆ.

ಅವರ ನಂತರ ಫಿನ್ಲೆಂಡ್‌ಗೆ ಐಸ್ ಡ್ಯಾನ್ಸ್‌ನಲ್ಲಿ ಯುರೋಪಿಯನ್ ಪದಕ ದೊರೆತದ್ದು 2023ರಲ್ಲಿ, ಎಸ್ಪೂ ನಗರದಲ್ಲಿ, ಯೂಲಿಯಾ ತುರ್ಕಿಲಾ ಮತ್ತು ಮಥಿಯಾಸ್ ವೆರ್ಸ್ಲೂಯಿಸ್ ಅವರ ಕಂಚಿನ ಮೂಲಕ. ನಡುವೆ 28 ವರ್ಷಗಳ ಬರಗಾಲ! ಅಷ್ಟು ಕಾಲವೂ ಅಂಕಣಗಳು ತೆರೆದೇ ಇದ್ದವು. ಇವರಿಬ್ಬರೂ ಮೊದಲು ಒಂಟಿಯಾಗಿ ಸ್ಪರ್ಧಿಸುತ್ತಿದ್ದವರು. ದಾರಿ ಬದಲಿಸುವ ಅವಕಾಶ ಅವರಿಗಿತ್ತು.

ಹವಾಮಾನವನ್ನು ನೆಪ ಮಾಡುವಂತೆಯೂ ಇಲ್ಲ. ಸೆಕೆಯ ನಾಡಾದ ಫಿಲಿಪ್ಪೀನ್ಸ್‌ನ ಮೈಕೆಲ್ ಮಾರ್ಟಿನೆಜ್ ಶಾಪಿಂಗ್ ಮಾಲ್‌ನ ಅಂಕಣದಲ್ಲಿ ಕಲಿತು ಅದೇ ಸೋಚಿಯಲ್ಲಿ 19ನೆಯವರಾದರು. ನಮ್ಮ ಡೆಹ್ರಾಡೂನ್‌ನಲ್ಲಿ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕೂಟಕ್ಕೆಂದು ಕಟ್ಟಿದ ಒಳಾಂಗಣ ಮಂಜುಗಡ್ಡೆ ಅಂಕಣವೋ, ಕೂಟ ಮುಗಿದ ಮೇಲೆ ವರ್ಷಗಟ್ಟಲೆ ಬಾಗಿಲು ಹಾಕಿಕೊಂಡಿತ್ತು. ಅಲ್ಲಿ ಏಷ್ಯನ್ ಮಟ್ಟದ ಸ್ಕೇಟಿಂಗ್ ಸ್ಪರ್ಧೆ ನಡೆದದ್ದು 2025ರ ಆಗಸ್ಟ್‌ನಲ್ಲಿ. ಆ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಹತ್ತು ವರ್ಷದ ಮಗುವಾಗಿದ್ದವರಿಗೆ ಈಗ ಸ್ಪರ್ಧೆಯ ವಯಸ್ಸು. ಮಂಗಳೂರು, ಬೆಂಗಳೂರಿನ ಬಡಾವಣೆಗಳಲ್ಲಿ ಗಾಲಿ ಸ್ಕೇಟಿಂಗ್ ಕಲಿಯುತ್ತಿರುವ ಮಕ್ಕಳಿಗೆ ಡೆಹ್ರಾಡೂನ್ ಇಂದಿಗೂ ಎರಡು ಸಾವಿರ ಕಿಲೋಮೀಟರ್ ಆಚೆಯ ಊರು.