ಕಾಲುದಾರಿಯೂ ಒಂದು ಆಕರ

ಸ್ಥಳೀಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ನೆಚ್ಚುವ ಆಕರಗಳು ಮೂರು: ಶಾಸನ, ಕಡತ ಮತ್ತು ಕಾವ್ಯ. ಇವುಗಳ ಸಾಲಿಗೆ ಇನ್ನೊಂದು ಸೇರಬೇಕಾಗಿದೆ. ಬಾಲ್ಯದಲ್ಲಿ ನಡೆದಾಡಿದ ನೆಲವನ್ನು ನಡುವಯಸ್ಸು ದಾಟಿದ ಮೇಲೆ ಒಂಟಿಯಾಗಿ ಮತ್ತೆ ನಡೆದು ನೋಡುವವರ ಅನುಭವವೇ ಆ ನಾಲ್ಕನೆಯ ಆಕರ. ಇಂತಹ ಬರಹಗಳನ್ನು ನಾವು ಲಲಿತ ಪ್ರಬಂಧವೆಂದು ಮೆಚ್ಚಿ ಬದಿಗಿಡುತ್ತೇವೆ. ಸಂಶೋಧನೆಯ ಸಾಮಗ್ರಿಯಾಗಿ ಪರಿಗಣಿಸುವುದಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ನಡುವಣ ಒಳನಾಡಿನ ಮಟ್ಟಿಗೆ ಈ ಉಪೇಕ್ಷೆ ದುಬಾರಿಯಾಗುತ್ತಿದೆ.

ಈ ಪ್ರದೇಶದ ನೆಲೆಯೇ ನಡಿಗೆಯನ್ನು ಬೇಡುವಂಥದ್ದು. ಘಟ್ಟದ ಮೇಲಿನ ಹಳ್ಳಿಗಳಂತೆ ಇಲ್ಲಿ ಮನೆಗಳು ಒತ್ತೊತ್ತಾಗಿ ಇರುವುದಿಲ್ಲ. ಗದ್ದೆಯ ಅಂಚಿಗೊಂದು, ಗುಡ್ಡದ ಬುಡಕ್ಕೊಂದು ಎಂಬಂತೆ ಚದುರಿದ ಮನೆಗಳನ್ನು ಊರಾಗಿ ಕೂಡಿಸುತ್ತಿದ್ದುದು ಗದ್ದೆಹುಣಿ, ತೋಡಿನ ಬದಿ, ಅಡಿಕೆಮರದ ಕಾಲುಸಂಕ, ಗುಡ್ಡದ ಏರುದಾರಿಗಳು. ಬೇಸಗೆಯಲ್ಲಿ ಹುಣಿಯ ಮೇಲೆ ಸಾಗುತ್ತಿದ್ದ ದಾರಿ ಆಟಿಯ ಮಳೆಗೆ ಗುಡ್ಡ ಹತ್ತುತ್ತಿತ್ತು. ಒಂದೇ ಶಾಲೆಗೆ ಒಂದೇ ಮಗು ವರ್ಷದಲ್ಲಿ ಎರಡು ದಾರಿಗಳಲ್ಲಿ ಹೋಗುತ್ತಿತ್ತು. ಯಾವ ನಕ್ಷೆಯೂ ಈ ಎರಡನೆಯ ದಾರಿಯನ್ನು ತೋರಿಸುವುದಿಲ್ಲ.

ಸ್ಥಳನಾಮಗಳ ವಿಷಯದಲ್ಲಿ ಇದರ ಪ್ರಯೋಜನ ಸ್ಪಷ್ಟ. ಬಂಟ್ವಾಳದ ಬಳಿಯ ಜಕ್ರಿಬೆಟ್ಟು, ಮೂಡುಬಿದಿರೆಯ ಬಳಿಯ ಕಲ್ಲಬೆಟ್ಟು ಎಂಬ ಹೆಸರುಗಳನ್ನು ಹೊರಗಿನ ವಿದ್ಯಾರ್ಥಿ ಓದಿದರೆ ‘ಬೆಟ್ಟ’ವನ್ನು ನೆನೆಯುವ ಸಂಭವ ಹೆಚ್ಚು. ಇಲ್ಲಿನ ಬೇಸಾಯಗಾರನಿಗೆ ಬೆಟ್ಟು ಎಂದರೆ ಮಳೆಯ ನೀರನ್ನೇ ನಂಬಿದ, ಒಂದೇ ಬೆಳೆಯ ಮೇಲುಗದ್ದೆ. ಅದರ ಕೆಳಗಿನದು ಎರಡು ಬೆಳೆಯ ಮಜಲು. ತಳದಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳಿಗೂ ನೀರು ನಿಲ್ಲುವ ಬೈಲು. ಬೈಲಿನಿಂದ ಬೆಟ್ಟಿಗೆ ಏರುವ ಕಾಲಿಗೆ ಈ ಮೂರರ ಅಂತರ ತಾನಾಗಿ ತಿಳಿಯುತ್ತದೆ. ಗದ್ದೆಗಳು ರಬ್ಬರು ಅಥವಾ ಅಡಿಕೆಯ ತೋಟಗಳಾದ ಕಡೆ ಹೆಸರು ಮಾತ್ರ ಉಳಿದು, ಅದರ ಅರ್ಥಕ್ಕೆ ಸಾಕ್ಷಿಯಾಗಿದ್ದ ನೆಲ ರೂಪ ಬದಲಿಸಿದೆ. ಅಲ್ಲಿ ಗದ್ದೆಯಿದ್ದುದನ್ನು ಕಂಡವರ ನೆನಪೇ ಆ ಹೆಸರಿಗೆ ಉಳಿದಿರುವ ಅರ್ಥಕೋಶ.

ರಾಜಕೀಯ ಚರಿತ್ರೆಗೂ ಈ ಮಾತು ಸಲ್ಲುತ್ತದೆ. ಬಂಗಾಡಿ ಮತ್ತು ನಂದಾವರದ ಬಂಗರು, ವೇಣೂರು ಹಾಗೂ ಅಳದಂಗಡಿಯ ಅಜಿಲರು, ಪುತ್ತಿಗೆ ಮತ್ತು ಮೂಡುಬಿದಿರೆಯ ಚೌಟರು, ಬೆಳ್ತಂಗಡಿಯ ಮೂಲರು ಪುಸ್ತಕದಲ್ಲಿ ಪ್ರತ್ಯೇಕ ಅಧ್ಯಾಯಗಳಾಗಿ ಕಾಣುತ್ತಾರೆ. ಪ್ರತಿ ಅಧ್ಯಾಯಕ್ಕೂ ಒಂದು ವಂಶಾವಳಿ, ಒಂದು ಗಡಿ, ಕೆಲವು ದಾನಶಾಸನಗಳು. ನಡೆದು ನೋಡಿದವರಿಗೆ ತಿಳಿಯುವುದು ಬೇರೆ: ವೇಣೂರಿನಿಂದ ಮೂಡುಬಿದಿರೆಗೆ ಒಂದು ಹಗಲಿನ ನಡಿಗೆ, ಮೂಡುಬಿದಿರೆಯಿಂದ ಭೈರವರಸರ ಕಾರ್ಕಳಕ್ಕೆ ಇನ್ನೊಂದು ಹಗಲು. 1432ರಲ್ಲಿ ಕಾರ್ಕಳದಲ್ಲಿ ಗೊಮ್ಮಟ ನಿಂತ ಮೇಲೆ, 1604ರಲ್ಲಿ ತಿಮ್ಮರಾಜ ಅಜಿಲ ಫಲ್ಗುಣಿಯ ದಡದಲ್ಲಿ ಮತ್ತೊಂದು ಬಾಹುಬಲಿಯನ್ನು ನಿಲ್ಲಿಸಿದ. ಈ ಎರಡು ಮೂರ್ತಿಗಳ ಬಗ್ಗೆ ಜನ ಹೇಳುವ ಪೈಪೋಟಿಯ ಕಥೆಗಳು ಹುಟ್ಟಲು ಈ ಸಾಮೀಪ್ಯವೂ ಕಾರಣವಾಗಿರಬೇಕು. ವೇಣೂರಿನ ಮೂರ್ತಿಯನ್ನು ಕೆಲವು ಕಿಲೋಮೀಟರು ದೂರದ ಕಲ್ಯಾಣಿಯಲ್ಲಿ ಕೆತ್ತಿ ತಂದರೆಂಬ ಪ್ರತೀತಿಯಿದೆ. ಸುಮಾರು 35 ಅಡಿಯ ಕಲ್ಲು ಸಾಗಿರಬಹುದಾದ ಏರಿಳಿತಗಳನ್ನು ಕಾಲಿನಿಂದ ಅಳೆಯದೆ ಆ ಪ್ರತೀತಿಯನ್ನು ಒಪ್ಪುವುದೂ ತಳ್ಳುವುದೂ ಆತುರದ ಕೆಲಸ.

1801ರಲ್ಲಿ ಈ ದಾರಿಗಳಲ್ಲಿ ಹಾದುಹೋದ ಫ್ರಾನ್ಸಿಸ್ ಬುಕನನ್ ಬೆಳೆ, ಗೇಣಿ, ಬಸದಿಗಳ ವಿವರಗಳನ್ನು ಬರೆದಿಟ್ಟ. ಇಂದಿಗೂ ಸಂಶೋಧಕರು ಅವನನ್ನು ಉಲ್ಲೇಖಿಸುತ್ತಾರೆ. ಕೆಲವು ದಿನ ಹಾದುಹೋದ ಪರದೇಶಿ ಅಧಿಕಾರಿಯ ಕಣ್ಣು ಆಕರವಾಗಬಹುದಾದರೆ, ಹತ್ತು ಹದಿನೈದು ವರ್ಷ ಅದೇ ಹುಣಿಯಲ್ಲಿ ಶಾಲೆಗೆ ನಡೆದವನ ಕಾಲು ಏಕೆ ಆಕರವಾಗಬಾರದು?

ನಡಿಗೆಯನ್ನು ಶಿಸ್ತಾಗಿ ಕಂಡ ಪರಂಪರೆ ಈ ನೆಲದಲ್ಲಿಯೇ ಇದೆ. ಜೈನ ಮುನಿಗಳ ಐದು ಸಮಿತಿಗಳಲ್ಲಿ ಮೊದಲನೆಯದು ಈರ್ಯಾಸಮಿತಿ. ಹಗಲಿನಲ್ಲಿ, ಜನ, ದನಕರು, ಬಂಡಿಗಳು ಓಡಾಡಿ ತುಳಿದ ದಾರಿಯಲ್ಲಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ, ಜೀವಹಿಂಸೆಯಾಗದಂತೆ ನಡೆಯಬೇಕೆಂಬುದು ಅದರ ನಿಯಮ. ಅಹಿಂಸೆಯ ಆಚರಣೆಯಾಗಿ ರೂಪುಗೊಂಡ ಈ ನಿಯಮವನ್ನು ಕ್ಷೇತ್ರಕಾರ್ಯದ ಪಾಠವೆಂದೂ ಓದಬಹುದು. ದೂರದ ಗೋಪುರಕ್ಕಿಂತ ಮುಂದಿನ ಹೆಜ್ಜೆಯ ನೆಲವನ್ನು ನೋಡುವವರಿಗೆ ಮುರಕಲ್ಲಿನ ಸವೆದ ಮೆಟ್ಟಿಲು, ಹುಲ್ಲಿನಲ್ಲಿ ಹುದುಗಿದ ಗಡಿಕಲ್ಲು, ಹಾಳುಬಿದ್ದ ಅಗಳು ಕಾಣುತ್ತವೆ. ಒಂಟಿ ನಡಿಗೆಗೆ ಇನ್ನೊಂದು ಅನುಕೂಲವಿದೆ. ಗುಂಪಿನಲ್ಲಿ ಹೋದವರು ತಮ್ಮತಮ್ಮಲ್ಲಿ ಮಾತಾಡುತ್ತಾರೆ. ಒಬ್ಬನೇ ಹೋದವನು ಕಂಡವರಲ್ಲಿ ದಾರಿ ಕೇಳಲೇಬೇಕು. ‘ಎಲ್ಲಿಯವರು, ಯಾವ ಮನೆ’ ಎಂಬ ಪ್ರಶ್ನೆಗೆ ಉತ್ತರಿಸಲೇಬೇಕು. ಮಾಹಿತಿ ತೆರೆದುಕೊಳ್ಳುವುದು ಅಲ್ಲಿಂದಲೇ.

ಆದರೆ ಬಾಲ್ಯದ ನೆನಪು ನಂಬಿಕೆಗೆ ಅರ್ಹವೇ ಎಂಬ ಆಕ್ಷೇಪವನ್ನು ಹಗುರವಾಗಿ ಕಾಣುವಂತಿಲ್ಲ. ಮಗುವಿನ ಕಣ್ಣಿಗೆ ಸಣ್ಣ ಬೈಲೂ ಸಾಗರ. ಹಳೆಯದೆಲ್ಲ ಚೆಂದ ಎಂಬ ಹಂಬಲ ನೆನಪನ್ನು ಸುಲಭವಾಗಿ ಬಣ್ಣಗೆಡಿಸುತ್ತದೆ. ಇದಕ್ಕಿಂತ ಗಂಭೀರವಾದ ಸಂಗತಿಯೆಂದರೆ, ದಾರಿಗಳು ಎಲ್ಲರಿಗೂ ಒಂದೇ ಆಗಿರಲಿಲ್ಲ. ಬೀಡಿನ ಅಂಗಳದ ಮೂಲಕ ನೇರವಾಗಿ ಹಾದುಹೋಗುತ್ತಿದ್ದ ಮಗುವಿನ ನೆನಪು ಒಂದು. ಅಂಗಳವನ್ನು ಬಳಸಿ, ತೋಡಿಗಿಳಿದು, ಗದ್ದೆಯ ಆಚೆ ಬದಿಯಿಂದ ಹೋಗಬೇಕಾಗಿದ್ದ ಮಗುವಿನ ನೆನಪು ಇನ್ನೊಂದು. 1974ರ ಭೂಸುಧಾರಣೆಯನ್ನು ಗುತ್ತು ಬೀಡುಗಳ ಮನೆಯವರು ಕಳೆದುಕೊಂಡ ವರ್ಷವೆಂದು ನೆನೆದರೆ, ಗೇಣಿ ಒಕ್ಕಲುಗಳ ಮನೆಗಳಲ್ಲಿ ‘ಡಿಕ್ಲರೇಶನ್’ ಎಂಬ ಮಾತಿಗೆ ಇಂದಿಗೂ ಬೇರೆಯೇ ಧ್ವನಿಯಿದೆ. ಇಲ್ಲಿನ ಜೈನ ಮನೆತನಗಳ ಚರಿತ್ರೆಯನ್ನು ಬರೆಯುವವರು ಈ ಎರಡನೆಯ ದಾರಿಯ ನೆನಪನ್ನು ಕೇಳದೆ ಹೋದರೆ, ಅವರ ಬರಹ ಮನೆತನದ ಪ್ರಶಸ್ತಿಯಾಗಿ ಉಳಿದೀತು.

ಆದ್ದರಿಂದ ನೆನಪನ್ನು ನಂಬುವುದೆಂದರೆ ಪರೀಕ್ಷಿಸದೆ ಒಪ್ಪುವುದೆಂದಲ್ಲ. ಶಾಸನವನ್ನು ಓದುವವರು ಲಿಪಿ, ಕಾಲ, ಉದ್ದೇಶಗಳನ್ನು ವಿಚಾರಿಸುವಂತೆ, ನೆನಪಿನ ವಿಷಯದಲ್ಲಿಯೂ ಯಾರದು, ಯಾವ ವಯಸ್ಸಿನದು, ಯಾವ ಅಂಗಳದಿಂದ ಹೊರಟದ್ದು ಎಂದು ವಿಚಾರಿಸಬೇಕು. ಒಂದೇ ಊರಿನ ಎರಡು ಮನೆಗಳವರು ಹೇಳಿದ ದಾರಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಹಳೆಯ ಕಂದಾಯ ದಾಖಲೆಗಳೊಂದಿಗೂ ಸ್ಥಳನಾಮಗಳೊಂದಿಗೂ ಹೋಲಿಸಬೇಕು. ಅವು ಹೊಂದದ ಕಡೆಯಲ್ಲಿಯೇ ಸಂಶೋಧನೆಗೆ ಕೆಲಸವಿರುತ್ತದೆ.

ಕಾಲ ಮಾತ್ರ ಹೆಚ್ಚಿಲ್ಲ. ಧರ್ಮಸ್ಥಳದ 39 ಅಡಿಯ ಬಾಹುಬಲಿ ಮೂರ್ತಿ 1973ರಲ್ಲಿ ಕಾರ್ಕಳದಿಂದ ಹೊರಟು ಬೆಳ್ತಂಗಡಿ ತಾಲೂಕಿನ ಊರುಗಳನ್ನು ಹಾದಾಗ ದಾರಿಬದಿಯಲ್ಲಿ ನಿಂತು ನೋಡಿದ ಮಕ್ಕಳಿಗೆ ಈಗ ಅರವತ್ತರ ಆಸುಪಾಸು. ಮರುವರ್ಷ ನೇತ್ರಾವತಿಯ ನೆರೆ ಬಂಟ್ವಾಳದ ಪೇಟೆಗೆ ನುಗ್ಗಿದ್ದನ್ನು ಕಂಡವರದೂ ಅದೇ ಪ್ರಾಯ. ಶಾಲೆಗೆ ನಡೆದೇ ಹೋದ ತಲೆಮಾರು ಇದು. ಇವರ ಮಕ್ಕಳು ಬಸ್ಸಿನಲ್ಲಿ ಹೋದರು. ಮೊಮ್ಮಕ್ಕಳನ್ನು ಶಾಲೆಯ ವಾಹನ ಮನೆಬಾಗಿಲಿನಿಂದ ಕರೆದೊಯ್ಯುತ್ತದೆ. ಮಣ್ಣಿನ ದರೆಗಳಿದ್ದಲ್ಲಿ ಕಾಂಪೌಂಡು ಗೋಡೆಗಳು ಎದ್ದಿವೆ. ದಾಟಲು ಇಟ್ಟಿದ್ದ ತಡಮೆಗಳಿದ್ದಲ್ಲಿ ಬೀಗ ಹಾಕಿದ ಗೇಟುಗಳಿವೆ. ರಸ್ತೆ ಬಂದುದರಿಂದ ಆದ ಉಪಕಾರವನ್ನು ಅಲ್ಲಗಳೆಯುವುದು ಅನ್ಯಾಯ. ಗರ್ಭಿಣಿಯನ್ನು ಕುರ್ಚಿಯಲ್ಲಿ ಕೂರಿಸಿ ಗುಡ್ಡ ದಾಟಿಸಿದವರು ಕಾಲುದಾರಿಯ ಚೆಲುವನ್ನು ಹೊಗಳಲಾರರು. ದಾರಿ ಉಳಿಯಬೇಕೆಂದು ಹಟ ಹಿಡಿಯುವುದು ಬೇರೆ, ದಾರಿ ಎಲ್ಲಿತ್ತೆಂದು ಬರೆದಿಡುವುದು ಬೇರೆ.

ಮೂಡುಬಿದಿರೆಯ ಹದಿನೆಂಟು ಬಸದಿಗಳು, 1430ರ ಸಾವಿರ ಕಂಬದ ಬಸದಿ, ಗುರುಬಸದಿಯಲ್ಲಿ ಶತಮಾನಗಳ ಕಾಲ ಕಾಪಾಡಲ್ಪಟ್ಟ ಧವಲಾ ಗ್ರಂಥಗಳ ತಾಳೆಗರಿಗಳು ಇವೆಲ್ಲ ವಿದ್ವಾಂಸರ ಗಮನ ಪಡೆದಿವೆ. 1939ರಿಂದ ಧವಲಾ ಗ್ರಂಥ ಅಚ್ಚಾಗತೊಡಗಿ ಲೋಕಕ್ಕೆ ದೊರೆತದ್ದು ಪ್ರತಿ ಮಾಡಿದವರ ತಾಳ್ಮೆಯಿಂದ. ಅಂತಹ ತಾಳ್ಮೆಯ ಒಂದಂಶವಾದರೂ ಈ ದಾರಿಗಳಿಗೆ ಸಲ್ಲಬೇಕು. ಕನ್ನಡ ಸ್ನಾತಕೋತ್ತರ ವಿದ್ಯಾರ್ಥಿಗಳ ಕಿರುಪ್ರಬಂಧಗಳಲ್ಲಿ ಕೆಲವನ್ನಾದರೂ ಇದಕ್ಕೆ ಮೀಸಲಿಡಬಹುದು: ಊರಿನ ಒಬ್ಬ ಹಿರಿಯರು ಶಾಲೆಗೋ ಸಂತೆಗೋ ಬಸದಿಗೋ ನಡೆದ ದಾರಿಯನ್ನು ಕೇಳಿ ತಿಳಿದು, ಬಳಿಕ ಒಬ್ಬರೇ ನಡೆದು, ಪ್ರತಿ ಗದ್ದೆ, ತೋಡು, ಕಟ್ಟೆ, ಬನದ ಹೆಸರನ್ನು ಬರೆದುಕೊಳ್ಳುವುದು, ಎಲ್ಲಿ ಗೋಡೆ ಅಡ್ಡ ಬಂದಿತೋ ಅದನ್ನೂ ಬರೆಯುವುದು. ಇದಕ್ಕೆ ಅನುದಾನ ಬೇಕಿಲ್ಲ, ಯಂತ್ರ ಬೇಕಿಲ್ಲ. ಹೆಸರು ಹೇಳಬಲ್ಲ ಹಿರಿಯರು ಇರುವಾಗಲೇ ಹೊರಡಬೇಕು, ಅಷ್ಟೆ.