ಹಿತ್ತಲಿಗೊಬ್ಬ ಜುಟ್ಟಿನ ಅತಿಥಿ

“ಹಿತ್ತಲ ಗಿಡ ಮದ್ದಲ್ಲ” ಎಂಬ ಗಾದೆಯನ್ನು ನಾವು ತರಗತಿಯಲ್ಲಿ ವರ್ಷ ವರ್ಷವೂ ವಿಸ್ತರಿಸಿ ಹೇಳುತ್ತೇವೆ. ಹಿತ್ತಲ ಹಕ್ಕಿಗೂ ಈ ಮಾತು ಸಲ್ಲುತ್ತದೆಂಬುದು ಈಚೆಗೆ ನಮ್ಮ ಮನಸ್ಸಿಗೆ ಬಂದಿತು.

ಎಂಟನೆಯ ತರಗತಿಯ ಬಾಲಕನೊಬ್ಬ ಒಂದು ಚಿತ್ರ ತಂದು, “ಈ ಹಕ್ಕಿ ನಮ್ಮ ಮನೆಗೆ ಬರಬೇಕಾದರೆ ಏನು ಮಾಡಬೇಕು ಸಾರ್?” ಎಂದು ಕೇಳಿದನು. ಅದು ಕಾರ್ಡಿನಲ್ ಹಕ್ಕಿ. ಮೈಯೆಲ್ಲ ಕೆಂಪು, ತಲೆಯ ಮೇಲೆ ಜುಟ್ಟು. ಅಮೆರಿಕದ 7 ರಾಜ್ಯಗಳಿಗೆ ಅದು ರಾಜ್ಯಪಕ್ಷಿ. ಅಲ್ಲಿನವರು ಸೂರ್ಯಕಾಂತಿ ಬೀಜವಿಟ್ಟು ಅದನ್ನು ಹಿತ್ತಲಿಗೆ ಕರೆಯುತ್ತಾರೆ. ಅದು ನಮ್ಮ ನಾಡಿನ ಹಕ್ಕಿಯಲ್ಲವೆಂದಾಗ ಬಾಲಕನ ಮುಖ ಬಾಡಿತು. ಅವನಿಗೆ ಕೊಡಬೇಕಾಗಿದ್ದ ಉತ್ತರ ನಮಗೆ ದೊರೆತದ್ದು ರಜೆಯಲ್ಲಿ, ತಮಿಳುನಾಡಿನ ಕಂಬಂ ಕಣಿವೆಯಲ್ಲಿ.

ದಿಂಡಿಗಲ್ ದಾಟಿ ತೇನಿಯ ಮೇಲೆ ಹೋದರೆ ಈ ಕಣಿವೆ ಸಿಗುತ್ತದೆ. 1895ರಲ್ಲಿ ಮುಗಿದ ಪೆರಿಯಾರ್ ಅಣೆಕಟ್ಟಿನ ನೀರು ಬೆಟ್ಟದ ಸುರಂಗದಿಂದಿಳಿದು ಇಲ್ಲಿನ ನೆಲವನ್ನು ಹಸುರಾಗಿಸಿದೆ. ಇಲ್ಲಿಯ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆಯೂ ಬಂದಿದೆ. ಇಲ್ಲಿನ ಕಪ್ಪಿಲಿಯರ್ ಸಮುದಾಯದ ಮನೆಮಾತು ತಲೆಮಾರುಗಳಿಂದ ಕನ್ನಡ. ನಾವು ಇಳಿದುಕೊಂಡ ಸ್ನೇಹಿತರ ಮನೆಯಲ್ಲಿ ಬೀದಿಬಾಗಿಲ ಮಾತೆಲ್ಲ ತಮಿಳು, ಹಿತ್ತಲ ಮಾತೆಲ್ಲ ಕನ್ನಡ.

ಆ ಹಿತ್ತಲ ದಾಸವಾಳದಲ್ಲಿ ಪಿಕಳಾರವೊಂದು ಗೂಡು ಕಟ್ಟಿತ್ತು. ಕಪ್ಪು ಜುಟ್ಟು, ಕೆನ್ನೆಯ ಮೇಲೆ ಕೆಂಪು ಬೊಟ್ಟು, ಬಾಲದ ಬುಡದಲ್ಲಿ ಕೆಂಪು. ಕೆಮ್ಮೀಸೆ ಪಿಕಳಾರವೆಂದು ಪುಸ್ತಕಗಳು ಕರೆಯುವ ಹಕ್ಕಿ ಇದೇ. ಮರಿ ಹಾರುವ ತನಕ ಆ ಗಿಡದ ಹೂವನ್ನು ದೇವರಿಗೂ ಕೀಳಕೂಡದೆಂದು ಮನೆಯ ಅಜ್ಜಿ ಕಟ್ಟಪ್ಪಣೆ ಮಾಡಿದ್ದರು. ದ್ರಾಕ್ಷಿ ಬೆಳೆಯುವ ಮಗ, “ಹಣ್ಣು ಕುಕ್ಕುವ ಹಕ್ಕಿಗೆ ಈ ಉಪಚಾರವೇ?” ಎಂದು ಗೊಣಗಿದರು. ಅಜ್ಜಿ ಹೇಳಿದ್ದು ಇಷ್ಟೇ: “ಚಪ್ಪರ ನಿನ್ನದು, ಹಿತ್ತಲು ಅದರದು.”

ಮಗನ ದೂರು ಸುಳ್ಳಲ್ಲ. ಪಿಕಳಾರ ದ್ರಾಕ್ಷಿ ತಿನ್ನುತ್ತದೆ. ಸಾಲ ಮಾಡಿದ ರೈತನಿಗೆ ಒಂದೊಂದು ಗೊಂಚಲೂ ಲೆಕ್ಕವೇ. ಅವನು ಚಪ್ಪರಕ್ಕೆ ಬಲೆ ಹೊದಿಸಲಿ. ಹಕ್ಕಿಯ ಕಾಲು ಸಿಕ್ಕದಂತೆ ಬಿಗಿಯಾಗಿ ಹೊದಿಸಲಿ. ಆದರೆ ಅದೇ ಹಕ್ಕಿ ತನ್ನ ಮರಿಗಳಿಗೆ ಹುಳುಗಳನ್ನು ಹಿಡಿದು ಉಣಿಸುತ್ತದೆ. ತೋಟದಲ್ಲಿ ಬಲೆ, ಹಿತ್ತಲಲ್ಲಿ ಸಿಮೆಂಟು, ಬೀದಿಯಲ್ಲಿ ಕವಣೆ ಎಂದಾದರೆ ಅದು ಹೋಗುವುದೆಲ್ಲಿಗೆ? ಅಜ್ಜಿಯ ಪಾಲುಪಟ್ಟಿಯೇ ನ್ಯಾಯವಾದುದೆಂಬುದು ನಮ್ಮ ಅಭಿಪ್ರಾಯ.

ವಿದ್ಯಾರ್ಥಿಗಳೇ, ಈ ಅತಿಥಿಯನ್ನು ಕರೆಯಲು ಹಣ ಬೇಡ. ಅಗಲ ಬಾಯಿಯ ಮಣ್ಣಿನ ಪಾತ್ರೆಯಲ್ಲಿ ಎರಡು ಬೆರಳು ನೀರಿಡಿ. ಸೊಳ್ಳೆಯಾಗದಂತೆ ದಿನವೂ ಬದಲಿಸಿ. ಒಂದು ದಾಸವಾಳ, ಒಂದು ಕರಿಬೇವು ಬೆಳೆಸಿ. ಕರಿಬೇವಿನ ಕಪ್ಪು ಹಣ್ಣು ಪಿಕಳಾರಕ್ಕೆ, ದಾಸವಾಳದ ಮಕರಂದ ಸೂರಕ್ಕಿಗೆ. ಗೂಡು ಕಂಡರೆ ದೂರದಿಂದಲೇ ನೋಡಿ. ಮೊಟ್ಟೆಗೆ ಕಾವು ಸುಮಾರು 12 ದಿನ. ಆಮೇಲೆ ಹೆಚ್ಚುಕಡಿಮೆ ಅಷ್ಟೇ ದಿನಗಳಲ್ಲಿ ಮರಿ ಗೂಡು ಬಿಡುತ್ತದೆ. ಒಂದು ತಿಂಗಳ ತಾಳ್ಮೆ ನಿಮಗಿಲ್ಲವೆ?

ಪಾಲಕರಲ್ಲಿಯೂ ಒಂದು ಅರಿಕೆ. ಮಗು ಕೇಳಿತೆಂದು ಗಿಳಿಯನ್ನೋ ಪಿಕಳಾರವನ್ನೋ ಪಂಜರದಲ್ಲಿ ತಂದುಕೊಡಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದು ಅಪರಾಧ. ಕಾಯ್ದೆಗಿಂತ ಮಿಗಿಲಾಗಿ, ಬೇಕಾದುದನ್ನು ಹಿಡಿದು ಕೂಡಿಡುವುದೇ ಪ್ರೀತಿಯೆಂದು ಮಗು ಕಲಿಯುತ್ತದೆ. ತಾನಾಗಿ ಬರುವುದಕ್ಕೆ ಜಾಗ ಬಿಟ್ಟು ಕಾಯುವುದನ್ನು ಅದು ಕಲಿಯಲಿ.

ಇಷ್ಟು ಬರೆದ ನಾವು ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಸರಾಗುತ್ತದೆಂದು ನಾವೇ ನಮ್ಮ ಹಿತ್ತಲಿಗೆ ಸಿಮೆಂಟು ಹಾಕಿಸಿದ್ದೆವು. ಕಂಬಂನಿಂದ ಬಂದ ಮೇಲೆ ಮೂಲೆಯಲ್ಲಿ ನಾಲ್ಕಡಿ ಒಡೆಸಿ ದಾಸವಾಳ ನೆಟ್ಟಿದ್ದೇವೆ. ಹಕ್ಕಿ ಇನ್ನೂ ಬಂದಿಲ್ಲ. ಆ ಬಾಲಕ ಮಾತ್ರ ವಾರಕ್ಕೊಮ್ಮೆ ಬಂದು, ಗಿಡ ಎಷ್ಟೆತ್ತರವಾಯಿತೆಂದು ಅಳೆದು ಹೋಗುತ್ತಿದ್ದಾನೆ.