ಸೀಸೆಯ ಗುಟ್ಟು, ದೇಹದ ಗುರುತು

1704ರ ಏಪ್ರಿಲ್ 24ರಂದು ಹೊರಬಂದ 'ಬಾಸ್ಟನ್ ನ್ಯೂಸ್-ಲೆಟರ್' ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಜಾಹೀರಾತುಗಳಿಗೆ ಒಂದು ಆಹ್ವಾನವಿತ್ತು. ಮನೆ, ಜಮೀನು, ಹಡಗು, ಸರಕುಗಳನ್ನು ಮಾರುವವರು, ಕಳುವಾದ ಅಥವಾ ಕಳೆದುಹೋದ ವಸ್ತುಗಳನ್ನು ಹುಡುಕುವವರು, ಓಡಿಹೋದ ಆಳುಗಳನ್ನು ಅರಸುವವರು 12 ಪೆನ್ಸ್‌ನಿಂದ 5 ಶಿಲಿಂಗ್‌ವರೆಗೆ ತೆತ್ತು ಪ್ರಕಟಣೆ ಕೊಡಬಹುದೆಂದು ಪ್ರಕಾಶಕನೂ ಊರಿನ ಅಂಚೆ ಅಧಿಕಾರಿಯೂ ಆಗಿದ್ದ ಜಾನ್ ಕ್ಯಾಂಪ್‌ಬೆಲ್ ತಿಳಿಸಿದ್ದ. ಹಡಗು, ಹೊಲ, ಮನುಷ್ಯ ಮೂರೂ ಒಂದೇ ವಾಕ್ಯದಲ್ಲಿ ಬಂದುಹೋಗುತ್ತವೆ. ಅಮೆರಿಕದ ಬ್ರಿಟಿಷ್ ವಸಾಹತುಗಳ ಜಾಹೀರಾತಿನ ವ್ಯಾಕರಣ ಆ ವಾಕ್ಯದಲ್ಲಿಯೇ ಇದೆ.

ಈ ಪತ್ರಿಕೆಗಳ ಅಧ್ಯಯನ ಇಂದು ಕವಲೊಡೆದಿದೆ. ಔಷಧಿಗಳ ಪ್ರಕಟಣೆಗಳನ್ನು ವೈದ್ಯಕೀಯ ಚರಿತ್ರೆಯವರು ಆಯ್ದುಕೊಂಡಿದ್ದಾರೆ. ಪಲಾಯಿತರ ಪ್ರಕಟಣೆಗಳನ್ನು ಗುಲಾಮಗಿರಿಯ ಚರಿತ್ರಕಾರರು ಆಯ್ದುಕೊಂಡಿದ್ದಾರೆ. ಸಾಹಿತ್ಯದ ವಿದ್ಯಾರ್ಥಿಗೆ ಉಳಿದದ್ದು ಸಂಪಾದಕೀಯ ಮತ್ತು ವಿಡಂಬನೆ. ಪಲಾಯಿತರ ಪ್ರಕಟಣೆಗಳನ್ನು ಒಟ್ಟುಗೂಡಿಸಿರುವ 'ಫ್ರೀಡಂ ಆನ್ ದಿ ಮೂವ್' ಎಂಬ ಅಂತರ್ಜಾಲ ಸಂಗ್ರಹದ ಉಪಕಾರ ದೊಡ್ಡದು, ನಿಜ. ಆದರೆ ಅಂಕಣದಿಂದ ಕತ್ತರಿಸಿ ತೆಗೆದ ಪ್ರಕಟಣೆ ತನ್ನ ನೆರೆಹೊರೆಯನ್ನು ಕಳೆದುಕೊಳ್ಳುತ್ತದೆ. ಆ ನೆರೆಹೊರೆಯೇ ಅದರ ಅರ್ಥದ ಅರ್ಧಭಾಗ.

ಮೊದಲು ಔಷಧಿಯನ್ನು ನೋಡಬಹುದು. 1708ರ ಅಕ್ಟೋಬರ್‌ನಲ್ಲಿ ಅದೇ ಪತ್ರಿಕೆಯಲ್ಲಿ ನಿಕೊಲಸ್ ಬೂನ್ ಎಂಬ ಪುಸ್ತಕ ವ್ಯಾಪಾರಿ 'ಡ್ಯಾಫೀಸ್ ಎಲಿಕ್ಸಿರ್' ತನ್ನಲ್ಲಿ ಅರ್ಧ ಪಿಂಟ್ ಸೀಸೆಗೆ 4 ಶಿಲಿಂಗ್ 6 ಪೆನ್ಸ್‌ನಂತೆ ದೊರೆಯುತ್ತದೆಂದು ಪ್ರಕಟಿಸಿದ. ಸೀಸೆಯ ಅಳತೆ ಇದೆ, ಬೆಲೆ ಇದೆ, ಬಹಳ ಒಳ್ಳೆಯದೆಂಬ ಪ್ರಶಂಸೆಯೂ ಇದೆ. ಒಳಗೇನಿದೆ ಎಂಬುದಿಲ್ಲ. ಒಳಗಿದ್ದುದು ಮುಖ್ಯವಾಗಿ ಮದ್ಯಸಾರದಲ್ಲಿ ನೆನೆಸಿದ ಸೋನಾಮುಖಿ ಮತ್ತು ಸೋಂಪು. ನಮ್ಮ ಹಳ್ಳಿಯ ಅಜ್ಜಿಯರಿಗೂ ಗೊತ್ತಿದ್ದ ಭೇದಿಮದ್ದು ಲ್ಯಾಟಿನ್ ಅಂಗಿ ತೊಟ್ಟು ಅಟ್ಲಾಂಟಿಕ್ ದಾಟಿತ್ತು. 'ಗಾಡ್‌ಫ್ರೀಸ್ ಕಾರ್ಡಿಯಲ್' ಹಾಗೆ ನಿರುಪದ್ರವಿಯಲ್ಲ. ಅಳುವ ಹಸುಗೂಸುಗಳನ್ನು ಸುಮ್ಮನಾಗಿಸಲು ತಾಯಂದಿರು ಕುಡಿಸುತ್ತಿದ್ದ ಆ ಸಿಹಿ ದ್ರವದಲ್ಲಿ ಕಾಕಂಬಿಯೊಡನೆ ಅಫೀಮಿತ್ತು.

ಇವನ್ನೆಲ್ಲ ಪೇಟೆಂಟ್ ಔಷಧಿಗಳೆಂದು ಕರೆಯುವುದು ರೂಢಿ. ವಾಸ್ತವದಲ್ಲಿ ಬಹುಪಾಲಿಗೆ ಪೇಟೆಂಟ್ ಇರಲೇ ಇಲ್ಲ. ಪೇಟೆಂಟ್ ಬೇಕಾದರೆ ಪಾಕವನ್ನು ಬಹಿರಂಗಪಡಿಸಬೇಕಾಗುತ್ತಿತ್ತು. ಗುಟ್ಟೇ ಬಂಡವಾಳವಾಗಿದ್ದವರಿಗೆ ಅದು ಒಗ್ಗುವ ಮಾತಲ್ಲ. 1744ರಲ್ಲಿ ಪೇಟೆಂಟ್ ಪಡೆದ ಲಂಡನ್ನಿನ ರಾಬರ್ಟ್ ಟರ್ಲಿಂಗ್‌ಟನ್ ತನ್ನ 'ಬಾಲ್ಸಮ್ ಆಫ್ ಲೈಫ್'ನಲ್ಲಿ 27 ದ್ರವ್ಯಗಳಿವೆಯೆಂದು ಹೇಳಿದ. ಅದು ಮೂಲತಃ ಸಾಂಬ್ರಾಣಿಯ ಅರಿಷ್ಟದ ಬಂಧು. ನಕಲಿ ಮಾಡುವವರ ಕಾಟ ಹೆಚ್ಚಿದಾಗ, 1754ರಲ್ಲಿ, ಅವನು ಬದಲಾಯಿಸಿದ್ದು ಸೀಸೆಯ ಆಕಾರವನ್ನು. ವೈದ್ಯನ ಕೀರ್ತಿಯನ್ನು ಗಾಜು ಕಾಪಾಡಬೇಕಾಗಿ ಬಂದದ್ದು ಆ ವ್ಯಾಪಾರದ ಸ್ವಭಾವವನ್ನು ಚೆನ್ನಾಗಿ ತಿಳಿಸುತ್ತದೆ.

ಅದೇ ಪುಟಗಳಲ್ಲಿ ಸ್ಥಳೀಯ ಪ್ರಕಟಣೆಗಳಿವೆ: ತಪ್ಪಿಸಿಕೊಂಡ ಕುದುರೆ, ಮನೆ ಬಿಟ್ಟುಹೋದ ಹೆಂಡತಿಯ ಸಾಲಕ್ಕೆ ತಾನು ಹೊಣೆಯಲ್ಲವೆಂದು ಸಾರುವ ಗಂಡ, ಓಡಿಹೋದ ಕರಾರಿನ ಆಳು, ಓಡಿಹೋದ ಗುಲಾಮ. ಈ ಕೊನೆಯ ಬಗೆಯಲ್ಲಿ ಭಾಷೆ ಒಮ್ಮೆಗೇ ಎಚ್ಚರಗೊಳ್ಳುತ್ತದೆ. ಎತ್ತರ, ವಯಸ್ಸು, ಕೂದಲು, ಹಣೆಯ ಗಾಯದ ಕಲೆ, ಕುಂಟು ನಡೆ, ಮಾತಿನ ಉಗ್ಗು, ತೊಟ್ಟ ಅಂಗಿಯ ಬಣ್ಣ, ಗುಂಡಿಗಳ ಲೋಹ, ಡಚ್ ಮಾತಾಡಬಲ್ಲನೇ, ಪಿಟೀಲು ನುಡಿಸಬಲ್ಲನೇ, ಓದುಬರಹ ಕಲಿತು ತಾನೇ ರಹದಾರಿ ಬರೆದುಕೊಂಡಾನೇ ಎಂಬ ಎಲ್ಲ ವಿವರವೂ ಅಲ್ಲುಂಟು. ಆ ಕಾಲದ ಗದ್ಯದಲ್ಲಿ ಒಬ್ಬ ದುಡಿಯುವ ಮನುಷ್ಯನ ಬಗ್ಗೆ ಇಷ್ಟು ಹತ್ತಿರದ ವರ್ಣನೆ ಬೇರೆಡೆ ದೊರೆಯುವುದು ಅಪರೂಪ.

ಎರಡನ್ನೂ ಒಟ್ಟಿಗೆ ಓದಿದಾಗ ಕಾಣುವುದಿಷ್ಟು. ಕೊಳ್ಳುವವನ ದೇಹ ಅಪಾಯದಲ್ಲಿರುವ ಕಡೆ ಜಾಹೀರಾತು ಮೌನ ತಾಳುತ್ತದೆ. ಒಡೆಯನ ಹಣ ಅಪಾಯದಲ್ಲಿರುವ ಕಡೆ ಅದಕ್ಕೆ ಮೈಯೆಲ್ಲ ಕಣ್ಣು. ವಿವರವೆಂಬುದು ವಾಸ್ತವವಾದಿ ಗದ್ಯದ ಸದ್ಗುಣವೆಂದು ಕಲಿಸುವ ತರಗತಿಗಳಲ್ಲಿ ಈ ಸಂಗತಿಯನ್ನು ಚರ್ಚಿಸಬೇಕು. ಇಲ್ಲಿ ವಿವರ ಹುಟ್ಟಿದ್ದು ಕುತೂಹಲದಿಂದಲೂ ಅಲ್ಲ, ಕರುಣೆಯಿಂದಲೂ ಅಲ್ಲ. ಹಿಡಿದು ತರುವ ಸಲುವಾಗಿ. ಎರಡು ಬಗೆಗಳೂ ಸಂಧಿಸುವ ಒಂದು ಪದವೂ ಇದೆ: ಸಿಡುಬು. ಮುಖದ ಸಿಡುಬಿನ ಕಲೆ ಪಲಾಯಿತನ ಗುರುತು. ಮಾರಾಟದ ಪ್ರಕಟಣೆಯಲ್ಲಿ ಗುಲಾಮನಿಗೆ ಸಿಡುಬು ಬಂದುಹೋಗಿದೆ ಎಂಬುದು ಬೆಲೆ ಏರಿಸುವ ಗುಣ, ಏಕೆಂದರೆ ಅವನು ಇನ್ನು ಆ ರೋಗದಿಂದ ಸಾಯಲಾರ. 1721ರಲ್ಲಿ ಬಾಸ್ಟನ್ ಸಿಡುಬಿನಿಂದ ತತ್ತರಿಸಿದಾಗ ಕಾಟನ್ ಮೇದರ್ ಪ್ರತಿಪಾದಿಸಿದ ಚುಚ್ಚುಮದ್ದಿನ ಪದ್ಧತಿಯನ್ನು ಅವನಿಗೆ ಮೊದಲು ತಿಳಿಸಿದವನು ಅವನ ಮನೆಯಲ್ಲಿದ್ದ ಆಫ್ರಿಕನ್ ಗುಲಾಮ ಒನೇಸಿಮಸ್. ಪತ್ರಿಕೆಗಳು ಮಾರಿದ ಸೀಸೆಗಳಿಗಿಂತ ಅವನ ತಿಳಿವಳಿಕೆ ಎಷ್ಟೋ ಪಾಲು ಮೇಲು. ಅದಕ್ಕೆ ಜಾಹೀರಾತು ಇರಲಿಲ್ಲ. ಬದಲಿಗೆ ಜೇಮ್ಸ್ ಫ್ರಾಂಕ್ಲಿನ್‌ನ 'ನ್ಯೂ-ಇಂಗ್ಲೆಂಡ್ ಕೂರಂಟ್' ಅದನ್ನು ವಿರೋಧಿಸಿತು.

ಆ ಜೇಮ್ಸ್‌ನ ತಮ್ಮನೇ ಬೆಂಜಮಿನ್ ಫ್ರಾಂಕ್ಲಿನ್. ಅಣ್ಣನ ಮುದ್ರಣಾಲಯದ ಕಲಿಕೆಯ ಕರಾರು ಮುರಿದು 1723ರಲ್ಲಿ ಅವನೂ ಓಡಿಹೋದವನೇ. ಅಣ್ಣ ಹೊಸ ಹುಡುಗ ಬೇಕೆಂದು ತನ್ನ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಸುಮ್ಮನಾದ. ಆ ಪಲಾಯಿತ 1729ರಲ್ಲಿ ಫಿಲಡೆಲ್ಫಿಯಾದ 'ಪೆನ್ಸಿಲ್ವೇನಿಯಾ ಗೆಜೆಟ್' ಪತ್ರಿಕೆಯ ಒಡೆಯನಾದ. 1731ರಲ್ಲಿ ಅದರಲ್ಲಿ ಅವನ ಅತ್ತೆ, ವಿಧವೆ ರೀಡ್, ಕಜ್ಜಿಗೆ ತಾನು ತಯಾರಿಸುವ ಮುಲಾಮಿನ ಪ್ರಕಟಣೆ ಕೊಟ್ಟಳು. ಮುಲಾಮು ದೊರೆಯುತ್ತಿದ್ದ ಸ್ಥಳ ಅಳಿಯನ ಮುದ್ರಣಾಲಯವೇ. ಗುಲಾಮರ ಮಾರಾಟದ ಪ್ರಕಟಣೆಗಳೂ ಅದೇ ಪತ್ರಿಕೆಯಲ್ಲಿ ಬರುತ್ತಿದ್ದವು. ಮುದ್ರಕನನ್ನು ವಿಚಾರಿಸಿರಿ ಎಂಬ ಸಾಲಿನೊಡನೆ ಮುಗಿಯುವ ಅಂತಹ ಪ್ರಕಟಣೆಗಳಲ್ಲಿ ಮುದ್ರಕ ಬರಿಯ ಅಚ್ಚಿನವನಲ್ಲ, ದಲ್ಲಾಳಿ.

ಅದೇ 1731ರಲ್ಲಿ ಫ್ರಾಂಕ್ಲಿನ್ ಬರೆದ 'ಮುದ್ರಕರ ಸಮರ್ಥನೆ'ಯನ್ನು ಪತ್ರಿಕಾ ಸ್ವಾತಂತ್ರ್ಯದ ಆದಿಪಾಠವೆಂದು ಕಲಿಸುವುದುಂಟು. ಅದು ಹುಟ್ಟಿದ್ದು ಒಂದು ಜಾಹೀರಾತಿನ ಜಗಳದಿಂದ ಎಂಬುದನ್ನು ಹೇಳುವವರು ಕಡಿಮೆ. ಹಡಗಿನ ಪ್ರಯಾಣದ ಪ್ರಕಟಣೆಯೊಂದರಲ್ಲಿ ಪಾದ್ರಿಗಳನ್ನು ಹೀಯಾಳಿಸುವ ಮಾತಿತ್ತು, ಅವರು ಸಿಟ್ಟಾದರು. ಮುದ್ರಕ ಎಲ್ಲ ಪಕ್ಷಗಳ ಮಾತನ್ನೂ ಅಚ್ಚು ಹಾಕಬೇಕಾದವನು ಎಂದು ವಾದಿಸುವ ಫ್ರಾಂಕ್ಲಿನ್, ಯಾರಿಗಾದರೂ ನಿಜವಾದ ಹಾನಿ ತರುವಂಥದ್ದನ್ನು ತಾನು ಸದಾ ನಿರಾಕರಿಸಿದ್ದೇನೆಂದೂ ಅಲ್ಲಿ ಹೇಳಿಕೊಳ್ಳುತ್ತಾನೆ. ಈ ಮಾತನ್ನು ಅವನ ಪತ್ರಿಕೆಯ ಜಾಹೀರಾತಿನ ಅಂಕಣದ ಪಕ್ಕದಲ್ಲಿಟ್ಟು ಓದಬೇಕು. ಪಾದ್ರಿಗೆ ಆದ ಮುಜುಗರಕ್ಕೆ ಒಂದು ದೀರ್ಘ ಪ್ರಬಂಧವೇ ಸಂದಿತು; ಮಾರಾಟವಾದವರು ಹಾನಿಗೊಳಗಾದವರ ಲೆಕ್ಕಕ್ಕೇ ಬರಲಿಲ್ಲ.

ಅಂದಿನ ಕಾಲವೇ ಹಾಗಿತ್ತು ಎಂಬ ಸಮಾಧಾನ ಇಲ್ಲಿ ಸಲ್ಲದು. ಗುಲಾಮಗಿರಿಯನ್ನು ಖಂಡಿಸುವ ರಾಲ್ಫ್ ಸ್ಯಾಂಡಿಫರ್ಡ್‌ನ ಕೃತಿ 1729ರಲ್ಲಿ, ಬೆಂಜಮಿನ್ ಲೇಯ ಉಗ್ರ ಗ್ರಂಥ 1737ರಲ್ಲಿ ಅಚ್ಚಾದದ್ದು ಫ್ರಾಂಕ್ಲಿನ್‌ನ ಮುದ್ರಣಾಲಯದಲ್ಲಿಯೇ. ವಾದ ಅವನಿಗೆ ಗೊತ್ತಿತ್ತು. ಅದರ ಮೊಳೆಗಳನ್ನು ಜೋಡಿಸಿದ್ದೇ ಅವನ ಅಂಗಡಿ. ಇಳಿವಯಸ್ಸಿನಲ್ಲಿ ಗುಲಾಮಗಿರಿ ವಿರೋಧಿ ಸಂಘದ ಅಧ್ಯಕ್ಷನಾಗಿ 1790ರ ಮನವಿಗೆ ಅವನು ಸಹಿ ಹಾಕಿದ್ದನ್ನು ಸ್ಮರಿಸುವ ಚರಿತ್ರೆ, ನಡುವಣ ದಶಕಗಳ ಜಾಹೀರಾತಿನ ಆದಾಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಪಲಾಯಿತರ ಪ್ರಕಟಣೆಗಳೇ ಅಮೆರಿಕದ ಮೊದಲ ಗುಲಾಮಕಥನಗಳೆಂದು ಇತಿಹಾಸಕಾರ ಡೇವಿಡ್ ವಾಲ್ಡ್‌ಸ್ಟ್ರೈಕರ್ ವಾದಿಸಿದ್ದುಂಟು. ಈ ಮಾತಿನಲ್ಲಿ ಹುರುಳಿದೆ, ಎಚ್ಚರವೂ ಬೇಕು. ಕಪಟಿ, ನಯವಂಚಕ ಎಂಬ ವಿಶೇಷಣಗಳು ಒಡೆಯನ ದೂರುಗಳೇ ಹೊರತು ಪಾತ್ರಚಿತ್ರಣವಲ್ಲ. ಒಡೆಯನೆದುರು ಉಗ್ಗುತ್ತಿದ್ದವನು ಗೆಳೆಯರೆದುರು ಹೇಗೆ ಮಾತಾಡುತ್ತಿದ್ದನೆಂದು ಆ ಪ್ರಕಟಣೆ ಹೇಳಲಾರದು. ಕೌಶಲ, ಭಾಷೆ, ಹೊತ್ತೊಯ್ದ ಬಟ್ಟೆಗಳ ಪಟ್ಟಿ ಮಾತ್ರ ಒಡೆಯನಿಗೆ ತಿಳಿಯದಂತೆಯೇ ಓಡಿದವನ ಪರವಾಗಿ ಸಾಕ್ಷಿ ನುಡಿಯುತ್ತವೆ: ಎರಡು ಅಂಗಿ, ಒಂದು ಪಿಟೀಲು ಒಯ್ದವನು ಯೋಚಿಸಿ ಹೊರಟವನು.

ಸೀಸೆಗಳ ಗುಟ್ಟು ಕೊನೆಗೆ ಒಡೆಯಿತು. ಖಾಲಿ ಇಂಗ್ಲಿಷ್ ಸೀಸೆಗಳಿಗೆ ಅಮೆರಿಕದ ವ್ಯಾಪಾರಿಗಳೇ ತಮ್ಮ ಪಾಕ ತುಂಬಿ ಮಾರುವುದು ರೂಢಿಯಾಗಿ, ಒಂದೇ ಹೆಸರಿನಲ್ಲಿ ಹತ್ತಾರು ಮದ್ದುಗಳು ಹರಿದಾಡತೊಡಗಿದ್ದವು. 1824ರಲ್ಲಿ ಫಿಲಡೆಲ್ಫಿಯಾದ ಔಷಧಶಾಸ್ತ್ರ ಕಾಲೇಜು ಅಂತಹ 8 ಹಳೆಯ ಇಂಗ್ಲಿಷ್ ಔಷಧಿಗಳ ಪಾಕವಿಧಾನವನ್ನು ಅಳತೆ ಸಮೇತ ಪ್ರಕಟಿಸಿತು. ಟರ್ಲಿಂಗ್‌ಟನ್ನನ ಬಾಲ್ಸಮ್ ಅವುಗಳಲ್ಲೊಂದು. ಪಲಾಯಿತರ ಪ್ರಕಟಣೆಗಳಿಗೆ ಮಾತ್ರ ಅಂಥ ಉತ್ತರಭಾಗವಿಲ್ಲ. ಕೆಲವು ವಾರ ಮರುಮುದ್ರಣಗೊಂಡು ಒಂದು ದಿನ ಪ್ರಕಟಣೆ ನಿಂತುಹೋಗುತ್ತದೆ. ಆಳು ಸಿಕ್ಕಿಬಿದ್ದನೋ, ಒಡೆಯ ಕಾಸು ಕೊಡುವುದನ್ನು ನಿಲ್ಲಿಸಿದನೋ, ಪತ್ರಿಕೆ ಹೇಳುವುದಿಲ್ಲ.